ಕಾರಾ ಸಮುದ್ರದ ದಾರಿ ಮತ್ತು ನಮ್ಮ ತೊಗರಿ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಸೆಪ್ಟೆಂಬರ್ ಬಂತಂದ್ರೆ ಎಲ್ಲರ ಕಣ್ಣು ತೊಗರಿ ಹೊಲದ ಮೇಲೆ. ಆಗ ಜೋರು ಮಳೆಯಾಗಿ ಕಪ್ಪು ಮಣ್ಣಿನಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಗಿಡ ಹಳದಿಯಾಗುತ್ತೆ, ನೆಟೆ ರೋಗ ಬರುತ್ತೆ. ಈ ಮಳೆಗೂ ಉತ್ತರ ಧ್ರುವದ ಹಡಗಿನ ದಾರಿಗೂ ಏನು ಸಂಬಂಧ ಅಂತೀರಾ? ಎರಡರ ನಡುವೆ ರಷ್ಯಾದ ಉತ್ತರಕ್ಕಿರುವ ಕಾರಾ ಸಮುದ್ರ ಇದೆ.

ಯುರೋಪಿನವರು ಆ ಸಮುದ್ರಕ್ಕೆ ಹೋಗಿದ್ದೇ ಏಷ್ಯಾಕ್ಕೆ ಬರೋಕೆ. ಆಫ್ರಿಕಾ ಸುತ್ತುವ ದಾರಿ ಪೋರ್ಚುಗೀಸರ ಕೈಯಲ್ಲಿತ್ತು, ಹಾಗಾಗಿ ಉಳಿದವರು ಉತ್ತರದಲ್ಲಿ ಅಡ್ಡದಾರಿ ಹುಡುಕಿದರು. 1596ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್‌ನ ಹಡಗು ನೊವಾಯಾ ಝೆಮ್ಲ್ಯಾ ದ್ವೀಪದ ಹತ್ತಿರ ಹಿಮದಲ್ಲಿ ಸಿಕ್ಕಿಕೊಂಡಿತು. ತೇಲಿಬಂದ ಮರ, ಹಡಗಿನ ಹಲಗೆಗಳಿಂದ ಮನೆ ಕಟ್ಟಿಕೊಂಡು ಚಳಿಗಾಲ ಕಳೆದರು. ವಾಪಸ್ ಬರುವಾಗ 1597ರಲ್ಲಿ ಬಾರೆಂಟ್ಸ್ ತೀರಿಕೊಂಡ. ಕೆನಡಾ ಕಡೆಯ ದಾರಿ ಇನ್ನೂ ಕ್ರೂರ: 1845ರಲ್ಲಿ ಹೊರಟ ಫ್ರಾಂಕ್ಲಿನ್ ತಂಡದ 129 ಜನರಲ್ಲಿ ಒಬ್ಬರೂ ಬದುಕಲಿಲ್ಲ.

ರಷ್ಯಾ ಕಡೆಯ ದಾರಿಯನ್ನು ಮೊದಲು ದಾಟಿದ್ದು 'ವೇಗಾ' ಹಡಗು, 1879ರಲ್ಲಿ. ಅಷ್ಟೊತ್ತಿಗೆ ಸೂಯೆಜ್ ಕಾಲುವೆ ತೆರೆದು ಹತ್ತು ವರ್ಷ ಆಗಿತ್ತು!

ಈಗ ಹಿಮ ಕರಗುತ್ತಿದೆ. 2018ರಲ್ಲಿ 'ವೆಂಟಾ ಮೇರ್ಸ್ಕ್' ಎಂಬ ಕಂಟೇನರ್ ಹಡಗು ಇದೇ ದಾರಿಯಲ್ಲಿ ಹೋಯಿತು. ಜಪಾನ್‌ನಿಂದ ರಾಟರ್‌ಡ್ಯಾಮ್‌ಗೆ ಸೂಯೆಜ್‌ಗಿಂತ ಸುಮಾರು ಶೇ. 40 ದೂರ ಉಳಿಯುತ್ತೆ. ಆದರೆ ಮುಂಬೈಯಿಂದ ಹೊರಡುವವರಿಗೆ ಸೂಯೆಜ್ಜೇ ಹತ್ತಿರ. ಇಂಡಿಯಾಗೆ ಅಂತ ಹುಡುಕಿದ ದಾರಿ ಇಂಡಿಯಾಗೇ ಉಪಯೋಗವಿಲ್ಲ, ನಮಗಂತೂ ನಗು ಬಂತು. ಜೊತೆಗೆ ಹಿಮ ಒಡೆಯುವ ಹಡಗಿನ ಖರ್ಚು, ಕೆಲವು ಕಡೆ ಆಳವಿಲ್ಲದ ಜಲಸಂಧಿ. ದೊಡ್ಡ ಕಂಟೇನರ್ ಹಡಗುಗಳು ಸದ್ಯಕ್ಕೆ ಈ ದಾರಿಗೆ ಬರೋದು ಕಷ್ಟ.

ನಮಗೆ ಮುಖ್ಯವಾದದ್ದು ಬೇರೆ. ಬಿಳಿ ಹಿಮ ಬಿಸಿಲನ್ನು ವಾಪಸ್ ಕಳಿಸುತ್ತೆ, ಕಪ್ಪು ನೀರು ಹೀರಿಕೊಳ್ಳುತ್ತೆ. ಕಾರಾದಲ್ಲಿ ಬೇಸಿಗೆಯ ಹಿಮ ಕಮ್ಮಿಯಾದಾಗ ಬಿಸಿ ನೀರು ಮೇಲಿನ ಗಾಳಿಯನ್ನು ಕಾಯಿಸುತ್ತೆ, ಎತ್ತರದ ಗಾಳಿಯ ಅಲೆಗಳು ಬದಲಾಗಿ ಏಷ್ಯಾದವರೆಗೆ ಬರುತ್ತವೆ. ಅರಬ್ಬಿ ಸಮುದ್ರವೂ ಬಿಸಿ ಇದ್ದರೆ ತೇವ ಸಿಗುತ್ತೆ. ಹೀಗೆ ಮಧ್ಯ ಭಾರತದ ಸೆಪ್ಟೆಂಬರ್ ಅತಿಮಳೆಗೂ ಕಾರಾದ ಹಿಮಕ್ಕೂ ನಂಟಿರಬಹುದು ಅಂತ ಗೋವಾದ ರಾಷ್ಟ್ರೀಯ ಧ್ರುವೀಯ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಬರೆದರು. 'ಇರಬಹುದು' ಅಷ್ಟೇ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದ್ದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆಗೆ ಮತ್ತು ಉಜನಿ ಡ್ಯಾಂನಿಂದ ಬಿಟ್ಟ ನೀರಿಗೆ. ಅದನ್ನೂ ಧ್ರುವದ ಲೆಕ್ಕಕ್ಕೆ ಹಾಕೋಕೆ ಆಗಲ್ಲ.

ಈ ನಂಟನ್ನು ಗಟ್ಟಿ ಮಾಡೋಕೆ ಅಲ್ಲಿಂದಲೇ ವರ್ಷಗಟ್ಟಲೆ ಡೇಟಾ ಬೇಕು. ನಾರ್ವೆಯ ನ್ಯೂ ಓಲೆಸುಂಡ್‌ನಲ್ಲಿ 2008ರಿಂದ ನಮ್ಮ ದೇಶದ 'ಹಿಮಾದ್ರಿ' ಕೇಂದ್ರವಿದೆ. ಅದರ ಪಕ್ಕದ ಕಡಲಕೊಲ್ಲಿಯಲ್ಲಿ 2014ರಲ್ಲಿ 'ಇಂಡ್‌ಆರ್ಕ್' ಎಂಬ ಸಾಧನ ಇಳಿಸಿದರು. ಸೆನ್ಸರ್‌ಗಳನ್ನು ಒಂದೇ ಹಗ್ಗಕ್ಕೆ ಬೇರೆ ಬೇರೆ ಆಳದಲ್ಲಿ ಕಟ್ಟಿ, ಮೇಲೆ ಹಿಮವಿದ್ದರೂ ಒಳಗೆ ನೀರಿನ ಉಷ್ಣತೆ, ಉಪ್ಪಿನಂಶ ಅಳೆಯುವಂತೆ ಮಾಡಿದ್ದಾರೆ.