ಪೋಪರ ಸಮಿತಿಯಲ್ಲಿ ಒಬ್ಬ ತಾಯಿ

1930ಕ್ಕೆ ಮುಂಚೆ ಕ್ಯಾಥೊಲಿಕರಿರಲಿ, ಪ್ರೊಟೆಸ್ಟೆಂಟರಿರಲಿ, ಪ್ರಮುಖ ಚರ್ಚುಗಳ ಮಾತು ಹೆಚ್ಚುಕಡಿಮೆ ಒಂದೇ: ಕೃತಕ ಗರ್ಭನಿರೋಧ ಕೂಡದು. ಆ ವರ್ಷ ಲ್ಯಾಂಬೆತ್‌ ಸಮ್ಮೇಳನದಲ್ಲಿ ಆಂಗ್ಲಿಕನ್ ಬಿಷಪರು 193–67 ಮತಗಳಿಂದ ಬಾಗಿಲು ತುಸು ತೆರೆದರು. ಸಂಯಮವೇ ಮೊದಲ ದಾರಿ; ಆದರೆ ಬಲವಾದ ನೈತಿಕ ಕಾರಣವಿದ್ದರೆ ದಂಪತಿ ಬೇರೆ ವಿಧಾನ ಬಳಸಬಹುದು ಎಂದರು. ಡಿಸೆಂಬರ್ 31ರಂದು ಪೋಪ್ ಹನ್ನೊಂದನೇ ಪಿಯುಸ್ ವಿಶ್ವಪತ್ರ ಹೊರಡಿಸಿ, ಕ್ಯಾಥೊಲಿಕರಿಗೆ ಅದು ಸಲ್ಲದೆಂದರು.

ಮುಂದೆ ಹಲವು ಪ್ರೊಟೆಸ್ಟೆಂಟ್ ಸಭೆಗಳು ನಿರ್ಧಾರವನ್ನು ಗಂಡಹೆಂಡಿರ ವಿವೇಕಕ್ಕೆ ಒಪ್ಪಿಸಿದವು. ಆರ್ಥೊಡಾಕ್ಸ್ ಚರ್ಚುಗಳಲ್ಲಿ ಒಂದೇ ಕಟ್ಟಳೆಯಿಲ್ಲ. ಅನೇಕ ಕಡೆ ದಂಪತಿ ತಮ್ಮ ಧರ್ಮಗುರುವಿನ ಸಲಹೆ ಪಡೆಯುತ್ತಾರೆ.

ರೋಮಿನ ಕಥೆ ಮನ ಕಲಕುವಂಥದ್ದು. ಗರ್ಭನಿರೋಧಕ ಮಾತ್ರೆ ಬಂದ ಮೇಲೆ, 1963ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ಈ ಪ್ರಶ್ನೆ ಪರಿಶೀಲಿಸಲು ಸಮಿತಿ ರಚಿಸಿದರು. ಮುಂದಿನ ಪೋಪ್ ಆರನೇ ಪೌಲ್ ಅದನ್ನು ಹಿಗ್ಗಿಸಿದಾಗ ವೈದ್ಯರು, ದೇವಶಾಸ್ತ್ರಜ್ಞರ ನಡುವೆ ಸಂಸಾರಸ್ಥರಿಗೂ ಜಾಗ ಸಿಕ್ಕಿತು. ಶಿಕಾಗೋದ ಪ್ಯಾಟಿ ಕ್ರೌಲಿ, ಗಂಡ ಪ್ಯಾಟ್ ಜೊತೆ, ಕ್ಯಾಥೊಲಿಕ್ ದಂಪತಿಗಳ ಪತ್ರಗಳನ್ನು ಸಮಿತಿಯ ಮುಂದಿಟ್ಟರು. ಋತುಚಕ್ರದ ದಿನ ಎಣಿಸುತ್ತ ಬದುಕುವ ಭಯ, ಮನೆಯೊಳಗಿನ ಬಿಗುವು ಅವುಗಳಲ್ಲಿದ್ದವು. ಬ್ರಹ್ಮಚಾರಿಗಳು ಸಂಸಾರದ ನಿಯಮ ಬರೆಯುವಾಗ ಇಂಥ ದನಿ ಕೇಳಲೇಬೇಕಿತ್ತು.

1966ರಲ್ಲಿ ಸಮಿತಿಯ ಬಹುಮತ ಬದಲಾವಣೆಯ ಪರವಿತ್ತು. ಪೋಪ್ ಒಪ್ಪಲಿಲ್ಲ. 1968ರ ಜುಲೈ 25ರ ದಿನಾಂಕದ ಅವರ ವಿಶ್ವಪತ್ರ ‘ಹ್ಯುಮಾನೆ ವೀಟೆ’, ಪ್ರತಿ ಮಿಲನವೂ ಜೀವೋತ್ಪತ್ತಿಗೆ ತೆರೆದಿರಬೇಕೆಂದಿತು. ಹಾಗೆಂದು ಮಿತಿಯಿಲ್ಲದೆ ಹೆರಬೇಕೆಂದು ಅದು ಹೇಳುವುದಿಲ್ಲ. ತಕ್ಕ ಕಾರಣವಿದ್ದರೆ ಫಲವತ್ತಲ್ಲದ ದಿನಗಳನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ. ಕ್ಯಾಥೊಲಿಕ್ ಚರ್ಚಿನ ಅಧಿಕೃತ ಬೋಧನೆ ಇಂದಿಗೂ ಇದೇ.