*ಊರಿಗೆ ಬಂದಾಗ ಇಂಪ್ಲಾಂಟ್ ಹಲ್ಲು: ಹೈದರಾಬಾದಿಗೆ ಟಿಕೆಟ್ ಮಾಡಿಸುವ ಮೊದಲು ಓದಿ*



ರಜೆ ಹತ್ತಿರ ಬಂದಂತೆ ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಲ್ಲಿರುವ ನಮ್ಮ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ: "ಹೇಗೂ ಊರಿಗೆ ಹೋಗ್ತಿದ್ದೀವಿ, ಹಲ್ಲಿನ ಕೆಲಸಾನೂ ಮುಗಿಸ್ಕೊಂಡು ಬರೋಣ."

ಮಾತಿನಲ್ಲಿ ತಪ್ಪೇನಿಲ್ಲ. ಅಮೆರಿಕದಲ್ಲಿ ಒಂದು ಇಂಪ್ಲಾಂಟ್ ಹಲ್ಲಿಗೆ ಸಾಮಾನ್ಯವಾಗಿ 3,000ದಿಂದ 5,000 ಡಾಲರ್ ಆಗುತ್ತದೆ. ವಿಮೆ ಇದ್ದರೂ ಹೆಚ್ಚಿನ ಪಾಲು ಕೈಯಿಂದಲೇ ಹೋಗುತ್ತದೆ. ಬ್ರಿಟನ್ನಿನ ಎನ್‌ಎಚ್‌ಎಸ್ ವಿಶೇಷ ಕಾರಣವಿದ್ದರೆ ಮಾತ್ರ ಇಂಪ್ಲಾಂಟ್ ಕೊಡುತ್ತದೆ. ಹೈದರಾಬಾದಿನಲ್ಲಿ ಇದೇ ಕೆಲಸ ಅದರ ಒಂದು ಸಣ್ಣ ಪಾಲಿನಲ್ಲಿ ಆಗುತ್ತದೆ.

ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗಂತೂ ಹೈದರಾಬಾದ್ ಪರಸ್ಥಳವಲ್ಲ. 1956ರವರೆಗೆ ಒಂದೇ ರಾಜ್ಯದಲ್ಲಿದ್ದ ಜಿಲ್ಲೆಗಳು. ದೊಡ್ಡ ಚಿಕಿತ್ಸೆ ಎಂದರೆ ಹೈದರಾಬಾದ್ ಎನ್ನುವ ರೂಢಿ ಇನ್ನೂ ಹೋಗಿಲ್ಲ. 2008ರಲ್ಲಿ ಶಂಷಾಬಾದ್ ವಿಮಾನ ನಿಲ್ದಾಣ ಶುರುವಾದ ಮೇಲೆ ಹೊರದೇಶದಿಂದ ಬರುವವರು ಇಳಿಯುವುದೂ ಅಲ್ಲೇ. ಕಾಚಿಗುಡದಲ್ಲೋ ಕೂಕಟ್‌ಪಲ್ಲಿಯಲ್ಲೋ ಉಳಿಯಲು ಒಬ್ಬ ಬಂಧು ಇದ್ದೇ ಇರುತ್ತಾರೆ.

ತೊಂದರೆ ಇರುವುದು ಖರ್ಚಿನ ಲೆಕ್ಕದಲ್ಲಲ್ಲ, ದಿನದ ಲೆಕ್ಕದಲ್ಲಿ. ನಮ್ಮ ರಜೆ ಮೂರು ವಾರ. ಮೂಳೆಗೆ ಬೇಕಾದದ್ದು ಮೂರು ತಿಂಗಳು, ಕೆಲವೊಮ್ಮೆ ಆರು ತಿಂಗಳು. ಇದೊಂದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ.

*ಇಂಪ್ಲಾಂಟ್ ಎಂದರೆ ಏನು?*

ಇಂಪ್ಲಾಂಟ್ ಎಂದರೆ ಹಲ್ಲಲ್ಲ, ಹಲ್ಲಿನ ಬೇರು. ಟೈಟಾನಿಯಂ ಲೋಹದ ಒಂದು ಪುಟ್ಟ ಸ್ಕ್ರೂವನ್ನು ದವಡೆಯ ಮೂಳೆಯೊಳಗೆ ಕೂರಿಸುತ್ತಾರೆ. ಅದರ ಮೇಲೆ ಅಬಟ್‌ಮೆಂಟ್ ಎಂಬ ಜೋಡಣೆಯ ತುಂಡು, ಅದರ ಮೇಲೆ ಕ್ಯಾಪ್. ನಮಗೆ ಕಾಣುವುದು ಕ್ಯಾಪ್ ಮಾತ್ರ.

ಸ್ವೀಡನ್ನಿನ ವಿಜ್ಞಾನಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯೊಳಗೆ ಟೈಟಾನಿಯಂ ಉಪಕರಣ ಕೂರಿಸಿ ಬೇರೇನನ್ನೋ ಅಧ್ಯಯನ ಮಾಡುತ್ತಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಮೂಳೆ ಲೋಹವನ್ನು ತನ್ನದೇ ಭಾಗದಂತೆ ಹಿಡಿದುಕೊಂಡಿತ್ತು. 1965ರಲ್ಲಿ ಅವರು ಮೊದಲ ಬಾರಿ ಮನುಷ್ಯನ ದವಡೆಗೆ ಇಂಪ್ಲಾಂಟ್ ಹಾಕಿದರು. ಆ ರೋಗಿ 40 ವರ್ಷಕ್ಕೂ ಹೆಚ್ಚು ಕಾಲ, ಕೊನೆಯವರೆಗೂ, ಅದೇ ಇಂಪ್ಲಾಂಟ್‌ಗಳಲ್ಲಿ ಊಟ ಮಾಡಿದರು.

ಇಂದು ಸರಿಯಾಗಿ ಹಾಕಿದ ಇಂಪ್ಲಾಂಟ್‌ಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಹತ್ತು ವರ್ಷದ ನಂತರವೂ ಉಳಿದಿರುತ್ತವೆ. ಒಳ್ಳೆಯ ಚಿಕಿತ್ಸೆ, ಅನುಮಾನವಿಲ್ಲ. ಆದರೆ "ಸರಿಯಾಗಿ" ಎಂಬ ಮಾತಿನಲ್ಲಿ ಸಮಯವೂ ಸೇರಿದೆ.

*ಮೂರನೇ ವಾರದ ಗುಟ್ಟು*

ಸ್ಕ್ರೂ ಹಾಕಿದ ದಿನ ಅದು ಗಟ್ಟಿಯಾಗಿರುತ್ತದೆ. ಆದರೆ ಆ ಗಟ್ಟಿತನ ಗೋಡೆಗೆ ಹೊಡೆದ ಮೊಳೆಯದು, ಬೇರಿನದಲ್ಲ. ಮುಂದಿನ ದಿನಗಳಲ್ಲಿ ಸ್ಕ್ರೂ ಸುತ್ತಲಿನ ಹಳೆಯ ಮೂಳೆ ಸ್ವಲ್ಪ ಸ್ವಲ್ಪವೇ ಕರಗುತ್ತದೆ, ಅದರ ಜಾಗಕ್ಕೆ ಹೊಸ ಮೂಳೆ ಬೆಳೆಯುತ್ತದೆ. ಈ ಅದಲುಬದಲಿನ ನಡುವೆ, ಎರಡರಿಂದ ನಾಲ್ಕನೇ ವಾರದ ಹೊತ್ತಿಗೆ, ಹಿಡಿತ ಮೊದಲ ದಿನಕ್ಕಿಂತ ಕಡಿಮೆ ಇರುತ್ತದೆ. ಆಮೇಲೆ ಹೊಸ ಮೂಳೆ ಗಟ್ಟಿಯಾದಂತೆ ಬಲ ಏರುತ್ತದೆ.

ನಾಟಿ ಮಾಡಿದ ಸಸಿ ಹಾಗೆಯೇ. ನೆಟ್ಟ ದಿನ ನೆಟ್ಟಗೆ ನಿಂತಿರುತ್ತದೆ, ಆದರೆ ಬೇರು ಹಿಡಿದಿರುವುದಿಲ್ಲ.

ಈಗ ನಮ್ಮ ರಜೆಯ ಲೆಕ್ಕ ನೋಡಿ. ಇಂಪ್ಲಾಂಟ್ ಅತ್ಯಂತ ನಾಜೂಕಾಗಿರುವ ಹೊತ್ತಿಗೆ ಸರಿಯಾಗಿ ನಾವು ವಿಮಾನದಲ್ಲಿರುತ್ತೇವೆ. "ನೋವಿಲ್ಲ, ಊತ ಇಳಿದಿದೆ" ಎಂದು ಚಕ್ಕುಲಿ, ಖಡಕ್ ಜೋಳದ ರೊಟ್ಟಿ ಅಗಿಯುವುದೂ ಆಗಲೇ. ಸಡಿಲವಾಗುತ್ತಿರುವ ಇಂಪ್ಲಾಂಟ್ ಎಷ್ಟೋ ಸಲ ನೋಯುವುದಿಲ್ಲ. ತಿಳಿಯುವ ಹೊತ್ತಿಗೆ ವೈದ್ಯರು ಒಂದು ಖಂಡದಲ್ಲಿ, ಹಲ್ಲು ಇನ್ನೊಂದು ಖಂಡದಲ್ಲಿ.

*ಹಾಗಾದರೆ "3 ದಿನದಲ್ಲಿ ಹಲ್ಲು" ಎಂಬ ಜಾಹೀರಾತು ಸುಳ್ಳೇ?*

ಪೂರ್ತಿ ಸುಳ್ಳಲ್ಲ. ಮೂಳೆ ಗಟ್ಟಿಯಿದ್ದು, ಸ್ಕ್ರೂ ಮೊದಲ ದಿನವೇ ಬಿಗಿಯಾಗಿ ಕೂತರೆ ಕೆಲವರಿಗೆ ತಕ್ಷಣ ತಾತ್ಕಾಲಿಕ ಹಲ್ಲು ಕೊಡಬಹುದು. ಹಲವು ಇಂಪ್ಲಾಂಟ್‌ಗಳನ್ನು ಒಂದಕ್ಕೊಂದು ಜೋಡಿಸಿ ಇಡೀ ಸಾಲು ಹಲ್ಲು ಕೂರಿಸುವ ವಿಧಾನಗಳೂ ಇವೆ. ಆದರೆ ಇದು ಎಲ್ಲರ ದವಡೆಗೂ ಹೊಂದುವುದಿಲ್ಲ. ಹೊಂದಿದವರೂ ಮೊದಲ ಕೆಲವು ತಿಂಗಳು ಮೆತ್ತಗಿನ ಊಟವನ್ನೇ ಮಾಡಬೇಕು. ಸ್ಕ್ಯಾನ್ ನೋಡುವ ಮೊದಲೇ, ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ನೋಡಿ "ಆಗುತ್ತೆ ಬನ್ನಿ" ಎನ್ನುವವರ ಬಗ್ಗೆ ಎಚ್ಚರವಿರಲಿ.

ಇನ್ನೊಂದು ದೊಡ್ಡ ಎಚ್ಚರ: *ಉಳಿಸಬಹುದಾದ ಹಲ್ಲನ್ನು ಪ್ಯಾಕೇಜಿಗಾಗಿ ಕೀಳಿಸಬೇಡಿ.* "ಹೇಗಿದ್ದರೂ ನಾಳೆ ಹೋಗುವ ಹಲ್ಲು, ಎಲ್ಲ ತೆಗೆದು ಒಂದೇ ಸಲ ಹಾಕಿಬಿಡೋಣ" ಎಂದರೆ ಆ ದಿನ ಒಪ್ಪಿಗೆ ಕೊಡಬೇಡಿ. ಕೀಳಿಸಿದ ಹಲ್ಲು ಮರಳಿ ಬರುವುದಿಲ್ಲ. ಮತ್ತೊಬ್ಬ ದಂತವೈದ್ಯರಿಗೆ ತೋರಿಸಿ. ಅಫ್ಜಲ್‌ಗಂಜ್‌ನಲ್ಲಿ ಉಸ್ಮಾನಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ಕಾಲೇಜು ಆಸ್ಪತ್ರೆ ಇದೆ. ಹಲ್ಲು ಉಳಿಯುತ್ತದೋ ಇಲ್ಲವೋ ಎಂಬ ಎರಡನೇ ಅಭಿಪ್ರಾಯಕ್ಕೆ ಇಂಥ ಕಡೆ ಅರ್ಧ ದಿನ ಕೊಟ್ಟರೆ ನಷ್ಟವಿಲ್ಲ.

*ಎರಡು ಪ್ರಯಾಣದ ಲೆಕ್ಕ*

ಸಾಧಾರಣವಾಗಿ ಹೀಗೆ ಯೋಜನೆ ಮಾಡಿಕೊಳ್ಳಿ.

1. *ಹೊರಡುವ ಮೊದಲು:* ನೀವಿರುವ ಊರಲ್ಲೇ ಹಲ್ಲು ಕ್ಲೀನ್ ಮಾಡಿಸಿ, ವಸಡಿನ ಕಾಯಿಲೆ ಇದ್ದರೆ ಗುಣ ಮಾಡಿಸಿಕೊಳ್ಳಿ. ರೋಗವಿರುವ ವಸಡಿನಲ್ಲಿ ಇಂಪ್ಲಾಂಟ್ ನಿಲ್ಲುವುದು ಕಷ್ಟ.

2. *ಮೊದಲ ಪ್ರಯಾಣ, ಕನಿಷ್ಠ ಮೂರು ವಾರ:* ಬಂದ ಮೊದಲ ವಾರದಲ್ಲೇ ಪರೀಕ್ಷೆ, ದವಡೆಯ ಸಿಬಿಸಿಟಿ ಸ್ಕ್ಯಾನ್, ಶಸ್ತ್ರಚಿಕಿತ್ಸೆ ಮುಗಿಯಲಿ. ಹೊಲಿಗೆ ಬಿಚ್ಚಲು ಒಂದರಿಂದ ಎರಡು ವಾರ ಬೇಕು. ಮದುವೆ, ತಿರುಪತಿ, ಬಂಧುಗಳ ಮನೆ ಎಲ್ಲ ಮುಗಿಸಿ ಕೊನೆಯ ನಾಲ್ಕು ದಿನಕ್ಕೆ ಹಲ್ಲಿನ ಕೆಲಸ ಇಟ್ಟುಕೊಳ್ಳುವುದೇ ನಾವು ಮಾಡುವ ದೊಡ್ಡ ತಪ್ಪು.

3. *ನಡುವಿನ ಕಾಲ:* ಕೆಳದವಡೆಗೆ ಎರಡು-ಮೂರು ತಿಂಗಳು, ಮೇಲ್ದವಡೆಗೆ ಮೂರರಿಂದ ಆರು ತಿಂಗಳು. ಮೇಲಿನ ಮೂಳೆ ಮೆತ್ತಗಿರುವುದರಿಂದ ಹೆಚ್ಚು ಸಮಯ ಬೇಕು. ಮೂಳೆ ತುಂಬಿಸುವ ಗ್ರಾಫ್ಟ್ ಮಾಡಿದ್ದರೆ ಇನ್ನೂ ಹೆಚ್ಚು.

4. *ಎರಡನೇ ಪ್ರಯಾಣ, ಎರಡು ವಾರ:* ಅಳತೆ, ಕ್ಯಾಪ್ ತಯಾರಿ, ಕೂರಿಸುವುದು, ಕಚ್ಚುವಾಗ ಎತ್ತರ ಸರಿಪಡಿಸುವುದು. ಕ್ಯಾಪ್ ಹಾಕಿದ ಮೇಲೆ ನಾಲ್ಕೈದು ದಿನ ಊಟ ಮಾಡಿ ನೋಡಿ, ಆಮೇಲೆ ಹೊರಡಿ.

ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್ ಎತ್ತಿ ಮೂಳೆ ತುಂಬಿಸಿದ್ದರೆ ಯಾವಾಗ ವಿಮಾನ ಹತ್ತಬಹುದು ಎಂದು ವೈದ್ಯರನ್ನು ಕೇಳಿಯೇ ಟಿಕೆಟ್ ಮಾಡಿಸಿ. ಆ ದಿನಗಳಲ್ಲಿ ಮೂಗನ್ನು ಜೋರಾಗಿ ಸೀನಬಾರದು, ಸ್ಟ್ರಾದಲ್ಲಿ ಕುಡಿಯಬಾರದು.

ಎರಡು ಬಾರಿ ಬರಲು ಆಗುವುದಿಲ್ಲವೇ? ಮೊದಲ ಹಂತ ಹೈದರಾಬಾದಿನಲ್ಲಿ, ಕ್ಯಾಪ್ ನೀವಿರುವ ದೇಶದಲ್ಲಿ ಎಂದೂ ಮಾಡಬಹುದು. ಆದರೆ ಅಲ್ಲಿನ ದಂತವೈದ್ಯರು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿ. ಬೇರೆಯವರು ಹಾಕಿದ ಇಂಪ್ಲಾಂಟ್ ಮುಟ್ಟಲು ಹಲವರು ಹಿಂಜರಿಯುತ್ತಾರೆ.

*ಯಾರು ಹೆಚ್ಚು ಎಚ್ಚರ ವಹಿಸಬೇಕು?*

▪ *ಸಕ್ಕರೆ ಕಾಯಿಲೆ:* ಹತೋಟಿಯಲ್ಲಿದ್ದರೆ ಇಂಪ್ಲಾಂಟ್ ಹಾಕಿಸಬಹುದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಮೊದಲು ಅದನ್ನು ಇಳಿಸಿ ಎನ್ನುತ್ತಾರೆ.

▪ *ಬೀಡಿ, ಸಿಗರೇಟು:* ವಸಡಿಗೆ ರಕ್ತ ಕಡಿಮೆಯಾಗಿ ಇಂಪ್ಲಾಂಟ್ ಸೋಲುವ ಸಂಭವ ಹೆಚ್ಚುತ್ತದೆ. ತಂಬಾಕು, ಗುಟ್ಕಾ ಅಗಿಯುವವರು ಮೊದಲು ಬಾಯಿಯನ್ನು ಪೂರ್ತಿ ಪರೀಕ್ಷೆ ಮಾಡಿಸಿ.

▪ *ಮೂಳೆ ಸವೆತದ ಔಷಧಿ:* ಇದು ಬಹಳ ಮುಖ್ಯ. ವಾರಕ್ಕೊಮ್ಮೆ ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ ಡ್ರಿಪ್, ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಅಪರೂಪವಾಗಿ ದವಡೆಯ ಗಾಯ ವಾಸಿಯಾಗದೆ ಮೂಳೆ ಸಾಯುವುದುಂಟು. ಅಮ್ಮಂದಿರು ದಿನದ ಮಾತ್ರೆಗಳನ್ನಷ್ಟೇ ಹೇಳುತ್ತಾರೆ, ವರ್ಷಕ್ಕೊಮ್ಮೆ ಹಾಕಿಸಿಕೊಂಡ ಡ್ರಿಪ್ ನೆನಪಿರುವುದಿಲ್ಲ. ನೀವೇ ಕೇಳಿ ತಿಳಿದುಕೊಳ್ಳಿ.

▪ *ರಕ್ತ ತೆಳುಮಾಡುವ ಮಾತ್ರೆ:* ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮೊದಲಾದವನ್ನು ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಪ್ರಾಣಕ್ಕೇ ಅಪಾಯ. ಹೃದಯದ ವೈದ್ಯರನ್ನು ಕೇಳಿ.

▪ *ಕುತ್ತಿಗೆ, ಮುಖಕ್ಕೆ ರೇಡಿಯೇಷನ್ ಆದವರು* ಇದನ್ನು ಮೊದಲ ಮಾತಿನಲ್ಲೇ ಹೇಳಿ.

*ಕೈಯಲ್ಲಿ ಈ ಕಾಗದಗಳಿಲ್ಲದೆ ವಿಮಾನ ಹತ್ತಬೇಡಿ*

ಪ್ರತಿ ಇಂಪ್ಲಾಂಟ್ ಡಬ್ಬಿಯ ಮೇಲೂ ಒಂದು ಸ್ಟಿಕರ್ ಇರುತ್ತದೆ. ಕಂಪನಿ, ಮಾಡೆಲ್, ದಪ್ಪ, ಉದ್ದ, ಲಾಟ್ ನಂಬರ್ ಎಲ್ಲ ಅದರಲ್ಲಿದೆ. ಅದನ್ನು ಕೇಳಿ ನಿಮ್ಮ ಫೈಲಿಗೆ ಅಂಟಿಸಿಕೊಳ್ಳಿ.

ಇದೇಕೆ ಇಷ್ಟು ಮುಖ್ಯ? ಸ್ವಿಸ್ ಕಂಪನಿಯ ಸ್ಟ್ರಾಮನ್, ಕೊರಿಯಾದ ಓಸ್ಟೆಮ್ ಹೀಗೆ ಹತ್ತಾರು ಕಂಪನಿಗಳಿವೆ. ಒಂದರ ಬಿಡಿಭಾಗ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಎಷ್ಟೋ ಸಲ ತಿರುಪಳಿಯೂ ಬೇರೆ. ಐದು ವರ್ಷದ ನಂತರ ಡಲ್ಲಾಸ್‌ನಲ್ಲೋ ದುಬೈನಲ್ಲೋ ಕ್ಯಾಪಿನ ಸ್ಕ್ರೂ ಸಡಿಲವಾದರೆ ಹತ್ತು ನಿಮಿಷದ ಕೆಲಸ. ಯಾವ ಕಂಪನಿ ಎಂದು ಗೊತ್ತಿಲ್ಲದಿದ್ದರೆ ಅದೇ ದೊಡ್ಡ ಕಗ್ಗಂಟು. ಹೆಸರೇ ಕೇಳದ ಅಗ್ಗದ ಕಂಪನಿ ಬೇಡ ಎನ್ನುವುದೂ ಇದಕ್ಕೇ.

ಸ್ಟಿಕರ್ ಜೊತೆಗೆ ಸ್ಕ್ಯಾನ್ ಫೈಲ್ ಇರುವ ಪೆನ್‌ಡ್ರೈವ್, ಸ್ಕ್ರೂ ಹಾಕಿದ ದಿನದ ಮತ್ತು ಕ್ಯಾಪ್ ಹಾಕಿದ ದಿನದ ಎಕ್ಸ್‌ರೇ, ಕ್ಯಾಪನ್ನು ಸ್ಕ್ರೂ ಮಾಡಿದ್ದಾರೋ ಸಿಮೆಂಟಿನಿಂದ ಅಂಟಿಸಿದ್ದಾರೋ ಎಂಬ ಬರಹ, ಬಿಲ್ ಇವಿಷ್ಟೂ ಇರಲಿ.

*ವೈದ್ಯರನ್ನು ಕೇಳಬೇಕಾದ ಐದು ಪ್ರಶ್ನೆ*

1. ನಿಮ್ಮ ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಏನು?
2. ಸ್ಕ್ರೂ ಹಾಕುವವರು ಯಾರು, ಕ್ಯಾಪ್ ಮಾಡುವವರು ಯಾರು? ಮುಂದಿನ ಸಲ ಬಂದಾಗಲೂ ಅವರೇ ಇರುತ್ತಾರೆಯೇ?
3. ಹೇಳಿದ ಮೊತ್ತದಲ್ಲಿ ಸ್ಕ್ರೂ, ಅಬಟ್‌ಮೆಂಟ್, ಕ್ಯಾಪ್, ಗ್ರಾಫ್ಟ್ ಎಲ್ಲ ಸೇರಿದೆಯೇ? (ಜಾಹೀರಾತಿನ ಬೆಲೆ ಎಷ್ಟೋ ಸಲ ಸ್ಕ್ರೂಗೆ ಮಾತ್ರ.)
4. ಮೂಳೆ ಹಿಡಿಯದಿದ್ದರೆ ಮುಂದೇನು, ಅದರ ಖರ್ಚು ಯಾರದು?
5. ನನಗೆ ಇಂಪ್ಲಾಂಟ್ ಬಿಟ್ಟು ಬೇರೆ ದಾರಿ ಏನಿದೆ?

ಐದನೇ ಪ್ರಶ್ನೆ ಮರೆಯಬೇಡಿ. ಅಕ್ಕಪಕ್ಕದ ಹಲ್ಲಿಗೆ ಕ್ಯಾಪ್ ಬೇಕಾಗಿಯೇ ಇದ್ದರೆ ಬ್ರಿಡ್ಜ್ ಸಾಕಾಗಬಹುದು. ಒಂದೂ ಹಲ್ಲಿಲ್ಲದ ಅಜ್ಜ-ಅಜ್ಜಿಗೆ ಹತ್ತಾರು ಇಂಪ್ಲಾಂಟ್ ಬೇಕಿಲ್ಲ. ಕೆಳದವಡೆಗೆ ಎರಡು ಇಂಪ್ಲಾಂಟ್ ಹಾಕಿ, ಗುಂಡಿಯಂತೆ ಒತ್ತಿ ಕೂರಿಸುವ ಹಲ್ಲಿನ ಸೆಟ್ ಕೊಡುವುದು ಉತ್ತಮ ಆಯ್ಕೆ ಎಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು 2002ರಲ್ಲೇ ಹೇಳಿದ್ದಾರೆ. ಜಾರುವ ಸೆಟ್ ಜಾರದಂತಾಗಲು ಅಷ್ಟು ಸಾಕು.

ತಂದೆ-ತಾಯಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಅಷ್ಟಾಗಿ ಬರದಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನ ಮನೆಯವರೊಬ್ಬರು ಜೊತೆಗಿರಿ. ದೂರದಲ್ಲಿದ್ದರೆ ವಿಡಿಯೋ ಕರೆಯಲ್ಲಾದರೂ ಇರಿ. "ಡಾಕ್ಟರು ಏನೋ ಹೇಳಿದ್ರು, ಹ್ಞೂಂ ಅಂದೆ" ಎಂಬಂತಾಗಬಾರದು.

*ಕೊನೆಯ ಮಾತು*

ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ, ಆದರೆ ಅದರ ಸುತ್ತಲಿನ ವಸಡಿಗೆ ರೋಗ ಬರುತ್ತದೆ. ದಿನಕ್ಕೆ ಎರಡು ಸಲ ಹಲ್ಲುಜ್ಜಿ, ಸಂದುಗಳನ್ನು ಸಣ್ಣ ಬ್ರಷ್‌ನಿಂದ ಶುಚಿ ಮಾಡಿ, ವರ್ಷಕ್ಕೊಮ್ಮೆಯಾದರೂ ತೋರಿಸಿ. ರಕ್ತ, ಕೀವು, ಅಲುಗಾಟ ಕಂಡರೆ ನೋವು ಬರಲಿ ಎಂದು ಕಾಯಬೇಡಿ.

ಹೈದರಾಬಾದಿನಲ್ಲಿ ಒಳ್ಳೆಯ ವೈದ್ಯರಿದ್ದಾರೆ, ಖರ್ಚೂ ಉಳಿಯುತ್ತದೆ. ಮೂಳೆಗೆ ಬೇಕಾದಷ್ಟು ಸಮಯ ಕೊಟ್ಟು ಬನ್ನಿ. ಮುಂದಿನ ಸಲ ಊರಿಗೆ ಬಂದಾಗ ಶೇಂಗಾ ಹಿಂಡಿ ಹಚ್ಚಿಕೊಂಡು ಖಡಕ್ ರೊಟ್ಟಿಯನ್ನು ನಿಶ್ಚಿಂತೆಯಿಂದ ಅಗಿಯಬಹುದು.

ಈ ಬರಹ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಬಾಯಿ ನೋಡಿದ ವೈದ್ಯರ ಮಾತೇ ಅಂತಿಮ. ರಜೆಗೆ ಊರಿಗೆ ಹೊರಟಿರುವ ಬಂಧುಗಳಿಗೆ, ಟಿಕೆಟ್ ಮಾಡಿಸುವ ಮೊದಲೇ, ಇದನ್ನು ಕಳುಹಿಸಿ. 🙏