ಅಚ್ಚಿನ ಬೆನ್ನಹಿಂದೆ ಬರುವ ಪುಸ್ತಕ

ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಚಂದಾದಾರರ ಮನೆಗೆ ಅಂಚೆಯಿಂದ ಪುಸ್ತಕಗಳನ್ನು ಮುಟ್ಟಿಸುವ ಕ್ರಮವನ್ನು ಹಾಕಿಕೊಟ್ಟರು. ಪಟ್ಟಣದವರು ಓದುವ ಹೊಸ ಕಾದಂಬರಿಯನ್ನು ಹಳ್ಳಿಯ ವಾಚಕನೂ ಹೆಚ್ಚು ತಡವಿಲ್ಲದೆ ಓದುವಂತಾಯಿತು. ಮೋರಟಗಿಯಲ್ಲಿರುವ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಇಲ್ಲಿಂದ ಹೊಸ ಗ್ರಂಥವನ್ನರಸಿ ಹೊರಟವನು ಸಿಂದಗಿಯ ಬಸ್ಸು ಹಿಡಿಯಬೇಕು. ಅಲ್ಲಿಯೂ ದೊರೆಯದಿದ್ದರೆ ವಿಜಯಪುರ.

ಇ-ಪುಸ್ತಕಗಳು ಈ ದೂರವನ್ನು ಅಳಿಸುವವೆಂದು ನಾವು ಹಿಗ್ಗಿದ್ದೆವು. 2016ರಲ್ಲಿ ಅಮೆಜಾನಿನವರು ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳನ್ನು ಸೇರಿಸಿಕೊಂಡಾಗ ಕನ್ನಡವನ್ನು ಹೊರಗಿಟ್ಟರು. 2020ರಲ್ಲಿ ಕನ್ನಡಿಗರದೇ ಆದ ಮೈಲ್ಯಾಂಗ್ ಬುಕ್ಸ್ ಬಂದು ಆ ಕೊರತೆಯನ್ನು ತುಂಬತೊಡಗಿತು. ಅರವತ್ತು ಸಮೀಪಿಸಿದ ಕಣ್ಣಿಗೆ ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಿ ಓದುವ ಸುಖವನ್ನು ಅನುಭವಿಸಿದವರೇ ಬಲ್ಲರು!

ಆದರೆ ಈಚೆಗೆ ನಾವು ಆಸೆಯಿಂದ ಕಾಯುತ್ತಿದ್ದ ಕಾದಂಬರಿಯೊಂದು ಅಚ್ಚಾಗಿ ಬಿಡುಗಡೆಯಾಯಿತು. ಇ-ಪುಸ್ತಕ ಮಾತ್ರ ಬರಲಿಲ್ಲ. ವಿಚಾರಿಸಲು, ಅಚ್ಚಿನ ಪ್ರತಿಗಳು ತೀರಿದ ಮೇಲೆ ನೋಡೋಣವೆಂದು ಪ್ರಕಾಶಕರಿಂದ ಉತ್ತರ ಬಂದಿತು. ಅವರ ಸಂಕಟವನ್ನು ನಾವು ಅರಿಯದವರಲ್ಲ. ಸಾವಿರ ಪ್ರತಿಗಳಿಗೆ ಕಾಗದ, ಅಚ್ಚು, ರಟ್ಟುಗಳ ಹಣವನ್ನು ಮೊದಲೇ ಸುರಿದಿರುತ್ತಾರೆ. ಗ್ರಂಥಾಲಯಗಳ ಖರೀದಿ ಕೈಗೆ ಬರುವದು ನಿಧಾನ. ಮೇಲಾಗಿ ಕದ್ದ ಪ್ರತಿಗಳು ವಾಟ್ಸಾಪಿನಲ್ಲಿ ಪುಕ್ಕಟೆ ಹರಿದಾಡುತ್ತವೆ. ನಮ್ಮ ಗೆಳೆಯರೊಬ್ಬರು, ಅವರೂ ಶಿಕ್ಷಕರೇ, ಅಂಥದೊಂದನ್ನು ನಮಗೂ ಕಳಿಸಿ 'ಜ್ಞಾನದಾನ' ಎಂದು ಬರೆದಿದ್ದರು. ಕಳವಿನ ವಸ್ತುವಿನ ದಾನವನ್ನು ಯಾವ ಶಾಸ್ತ್ರವೂ ಒಪ್ಪದು.

ತಡೆದರೆ ಅಚ್ಚಿನ ಪುಸ್ತಕ ಹೆಚ್ಚು ಮಾರುವದೇ? ಅಮೇರಿಕೆಯಲ್ಲಿ ಇದರ ಪರೀಕ್ಷೆಯಾಗಿದೆ. ಸ್ಟೀಫನ್ ಕಿಂಗ್ ಅವರ 'ಅಂಡರ್ ದ ಡೋಮ್' 2009ರ ನವೆಂಬರ 10ಕ್ಕೆ ಅಚ್ಚಿನಲ್ಲಿ ಬಂದರೆ ಇ-ಪುಸ್ತಕವನ್ನು ಡಿಸೆಂಬರ 24ರ ವರೆಗೆ ತಡೆಹಿಡಿದರು. ಮರುವರ್ಷ ಅಮೆಜಾನಿಗೂ ಒಬ್ಬ ಪ್ರಕಾಶಕರಿಗೂ ಜಗಳವಾಗಿ ಕೆಲವು ವಾರ ಹೊಸ ಇ-ಪುಸ್ತಕಗಳು ತಡವಾದವು. ವಿದ್ವಾಂಸರು ಆ ಲೆಕ್ಕವನ್ನು ತೆಗೆದು ನೋಡಲಾಗಿ, ತಡವಾದ ಇ-ಪುಸ್ತಕಗಳ ಮಾರಾಟ ಶೇಕಡಾ 40ಕ್ಕೂ ಮಿಕ್ಕಿ ಇಳಿದಿತ್ತು, ಅಚ್ಚಿನವುಗಳದು ಏರಿರಲಿಲ್ಲ. ಓದುವ ಹಂಬಲ ಆರಿದ ಮೇಲೆ ಜನ ಬೇರೊಂದರತ್ತ ತಿರುಗಿದರೆಂದೇ ನಾವು ತಿಳಿಯುತ್ತೇವೆ.

ಅದು ಪರದೇಶದ ಲೆಕ್ಕ, ಕನ್ನಡಕ್ಕೆ ಹಾಗೆಯೇ ಒಪ್ಪುವದೆಂದು ನಾವು ಹಟ ಹಿಡಿಯುವದಿಲ್ಲ. ಬೇಕಾದರೆ ಇ-ಪುಸ್ತಕಕ್ಕೆ ಮೊದಲ ತಿಂಗಳು ಅಚ್ಚಿನ ಬೆಲೆಯನ್ನೇ ಇಡಲಿ, ಕೊಡುತ್ತೇವೆ.

ನಮ್ಮ ಕಾದಂಬರಿಗೆ ಈಗ ನಾಲ್ಕನೆಯ ತಿಂಗಳು. ಮೊಮ್ಮಗಳು ಸಂಜೆಗೊಮ್ಮೆ ಫೋನು ತೆರೆದು ನೋಡಿ, "ಮುತ್ಯಾ, ಇನ್ನಾ ಬಂದಿಲ್ಲ" ಎನ್ನುತ್ತಾಳೆ.